ಆಕಾರ ಕಲಿಸುವ ಗುರು: ರೂವಾರಿ ಮಲ್ಲಿತಮ್ಮ



ದಿನಪತ್ರಿಕೆಗಳಲ್ಲಿ ನೀವು ರೂವಾರಿ ಎಂಬ ಪದವನ್ನು ಓದಿರುತ್ತೀರಿ. ನೀರಾವರಿ ಯೋಜನೆಯ ರೂವಾರಿ, ಪಂದ್ಯದ ಗೆಲುವಿನ ರೂವಾರಿ ಎಂದು ಬರೆಯುತ್ತಾರೆ. ಕೆಲವೊಮ್ಮೆ ಸಂಚಿನ ರೂವಾರಿ ಎಂದೂ ಬರೆಯುತ್ತಾರೆ. ಒಂಬತ್ತನೇ ತರಗತಿಯ ಕನ್ನಡ ಪಾಠದಲ್ಲಿ ಈ ಪದ ಬಂದಾಗ ಅರ್ಥ ಕೇಳಿದೆ. ಮುಖಂಡ, ಯಜಮಾನ, ಇಂಜಿನಿಯರ್ ಎಂದೆಲ್ಲ ಉತ್ತರಗಳು ಬಂದವು. ಯಾವುದೂ ಪೂರ್ತಿ ತಪ್ಪಲ್ಲ, ಆದರೆ ಮೂಲ ಅರ್ಥ ಬೇರೆ. ರೂಪಕಾರಿ ಎಂಬ ಸಂಸ್ಕೃತ ಪದ ಕನ್ನಡಿಗರ ಬಾಯಲ್ಲಿ ಸವೆದು ರೂವಾರಿ ಆಯಿತು. ಅಂದರೆ ರೂಪವನ್ನು ಮಾಡುವವನು, ಆಕಾರ ಕೊಡುವವನು. ಇಂದು ಮಂತ್ರಿಗಳಿಗೂ ನಾಯಕರಿಗೂ ಗೌರವದಿಂದ ಕೊಡುವ ಈ ಹೆಸರು ಒಂದು ಕಾಲದಲ್ಲಿ ಕಲ್ಲು ಕೆತ್ತುವ ಕೆಲಸಗಾರನ ಹೆಸರಾಗಿತ್ತು.

ಅಂಥ ಕೆಲಸಗಾರರಲ್ಲಿ ನಮ್ಮ ಹಾಸನ ಜಿಲ್ಲೆಗೆ ಬಹಳ ಹತ್ತಿರದವನಾದ ಒಬ್ಬನ ಬದುಕನ್ನು ಈ ವರ್ಷದ ಸಂಚಿಕೆಯಲ್ಲಿ ನಿಮ್ಮ ಮುಂದಿಡಲು ಬಯಸುತ್ತೇನೆ. ಅವನೇ ಹೊಯ್ಸಳರ ಕಾಲದ ಶಿಲ್ಪಿ ರೂವಾರಿ ಮಲ್ಲಿತಮ್ಮ. ಉರ್ದು ಮತ್ತು ಕನ್ನಡ ಕಲಿಸುವ ನನಗೆ ಶಿಲ್ಪಿಯ ವಿಷಯ ಏಕೆ ಎಂದು ನೀವು ಕೇಳಬಹುದು. ಆಕಾರ ಎಂದರೇನು ಎಂಬುದನ್ನು ಚಿತ್ರಕಲೆಯ ಪುಸ್ತಕ ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಅದನ್ನೇ ಮಲ್ಲಿತಮ್ಮ ತನ್ನ ಜೀವಮಾನವಿಡೀ ಕೆಲಸದಲ್ಲಿ ತೋರಿಸಿದ್ದಾನೆ. ಅದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ.

ಆಕಾರ ಎಂದರೇನು?

ಮೊದಲು ಸ್ವಲ್ಪ ಪಾಠ. ದೃಶ್ಯಕಲೆಯ ಮೂಲ ಅಂಶಗಳೆಂದು ಬಿಂದು, ರೇಖೆ, ಆಕಾರ, ಬಣ್ಣ, ಮೇಲ್ಮೈ, ಅವಕಾಶ ಮುಂತಾದವನ್ನು ಹೇಳುತ್ತಾರೆ. ಬಿಂದು ಚಲಿಸಿದರೆ ರೇಖೆಯಾಗುತ್ತದೆ. ರೇಖೆ ಸುತ್ತಿಬಂದು ತನ್ನ ತುದಿಯನ್ನು ತಾನೇ ಮುಟ್ಟಿದರೆ ಆಕಾರವಾಗುತ್ತದೆ. ಆಕಾರದ ಒಳಗೆ ಒಂದು ಜಾಗ, ಹೊರಗೆ ಇನ್ನೊಂದು ಜಾಗ. ಕಾಗದದ ಮೇಲಿನ ವೃತ್ತಕ್ಕೆ ಉದ್ದ ಅಗಲ ಮಾತ್ರ ಇವೆ. ಅದಕ್ಕೆ ದಪ್ಪವೂ ಸೇರಿದರೆ ಚೆಂಡಾಗುತ್ತದೆ, ಅಂದರೆ ಘನರೂಪವಾಗುತ್ತದೆ.

ಆಕಾರಗಳಲ್ಲಿ ಎರಡು ಜಾತಿ. ಚೌಕ, ತ್ರಿಕೋನ, ವೃತ್ತ, ನಕ್ಷತ್ರ ಇವು ಅಳತೆಯಿಂದ ಹುಟ್ಟುವ ಆಕಾರಗಳು. ಎಲೆ, ಬಳ್ಳಿ, ಆನೆ, ಮನುಷ್ಯನ ದೇಹ ಇವು ಪ್ರಕೃತಿಯಲ್ಲಿರುವ ಆಕಾರಗಳು. ಮೊದಲನೆಯದನ್ನು ದಾರ ಮತ್ತು ಮೂಲೆಮಟ್ಟ ಹಿಡಿದು ಮಾಡಬಹುದು. ಎರಡನೆಯದಕ್ಕೆ ಕಣ್ಣು ಪಳಗಬೇಕು. ಎರಡರಲ್ಲೂ ಪಳಗಿದವನೇ ಒಳ್ಳೆಯ ಕಲಾವಿದ.

ಇನ್ನೊಂದು ಮಾತಿದೆ. ಆಕಾರ ಮಾಡುವುದೆಂದರೆ ತುಂಬಿದ ಜಾಗವನ್ನು ಮಾಡುವುದಷ್ಟೇ ಅಲ್ಲ, ಖಾಲಿ ಜಾಗವನ್ನೂ ಮಾಡುವುದು. ಉರ್ದು ಬರೆಯುವ ಮಕ್ಕಳಿಗೆ ಇದು ಗೊತ್ತು. ನೂನ್ ಅಕ್ಷರದ ಬಟ್ಟಲು ಸರಿಯಾಗಿ ಬರಬೇಕಾದರೆ ಶಾಯಿ ಮುಟ್ಟದ ಒಳಗಿನ ಖಾಲಿ ಜಾಗ ದುಂಡಗಿರಬೇಕು. 940ರಲ್ಲಿ ತೀರಿಕೊಂಡ ಬಗ್ದಾದಿನ ಲಿಪಿಕಾರ ಇಬ್ನ್ ಮುಕ್ಲಾ ಅರಬ್ಬೀ ಅಕ್ಷರಗಳಿಗೆ ಅಳತೆ ಕೊಟ್ಟದ್ದು ಆಕಾರದ ಲೆಕ್ಕದಿಂದಲೇ. ಲೇಖನಿಯ ತುದಿಯನ್ನು ಒತ್ತಿದಾಗ ಮೂಡುವ ವಜ್ರಾಕೃತಿಯ ಚುಕ್ಕೆ, ಅಂದರೆ ನುಕ್ತಾ, ಅವನ ಅಳತೆಗೋಲು. ಅಲಿಫ್ ಎಷ್ಟು ನುಕ್ತಾ ಉದ್ದ, ಆ ಅಲಿಫನ್ನೇ ಅಡ್ಡಳತೆಯಾಗಿ ಇಟ್ಟುಕೊಂಡ ವೃತ್ತ ಎಷ್ಟು ದೊಡ್ಡದು ಎಂಬುದರಿಂದ ಉಳಿದ ಅಕ್ಷರಗಳ ಪ್ರಮಾಣ ಗೊತ್ತಾಗುತ್ತಿತ್ತು. ಲೇಖನಿ ಹಿಡಿದವನಿಗೂ ಉಳಿ ಹಿಡಿದವನಿಗೂ ಮೊದಲ ಪಾಠ ಒಂದೇ ಎಂದು ತೋರಿಸಲು ಇದನ್ನು ಹೇಳಿದೆ.

ಕಲ್ಲಿನ ಮೇಲೆ ಬರೆದ ಜೀವನಚರಿತ್ರೆ

ಮಲ್ಲಿತಮ್ಮನ ಬದುಕನ್ನು ಬರೆದಿಟ್ಟ ಗ್ರಂಥವಿಲ್ಲ. ಅವನ ಜೀವನಚರಿತ್ರೆ ಇರುವುದು ಅವನು ಕೆತ್ತಿದ ಶಿಲ್ಪಗಳ ಪೀಠದಲ್ಲಿ. ಕೆಲಸ ಮುಗಿದ ಮೇಲೆ ಅಲ್ಲಿ ತನ್ನ ಹೆಸರನ್ನು ಕೆತ್ತುತ್ತಿದ್ದ. ಕೆಲವು ಕಡೆ ಮಲ್ಲಿತಮ್ಮ ಎಂದು ಪೂರ್ತಿ ಹೆಸರಿದೆ, ಕೆಲವು ಕಡೆ ಮಲ್ಲಿ ಎಂದಷ್ಟೇ ಇದೆ, ಕೆಲವು ಕಡೆ ಮ ಎಂಬ ಒಂದೇ ಅಕ್ಷರ. ಈ ಹೆಸರುಗಳನ್ನು ಓದಿ, ಗುಡಿಗಳ ಶಾಸನಗಳಲ್ಲಿರುವ ವರ್ಷಗಳೊಂದಿಗೆ ಹೊಂದಿಸಿ ವಿದ್ವಾಂಸರು ಅವನ ಕೆಲಸದ ಅವಧಿಯನ್ನು ಸುಮಾರು 60 ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅವರು ಸೋಮನಾಥಪುರದ ಗುಡಿಯ ಬಗ್ಗೆ 1917ರಲ್ಲೇ ಪ್ರತ್ಯೇಕ ಪುಸ್ತಕ ಪ್ರಕಟಿಸಿ ಅಲ್ಲಿನ ಶಿಲ್ಪಿಗಳ ಹೆಸರುಗಳನ್ನು ಬೆಳಕಿಗೆ ತಂದರು.

ಅವನಿಗಿಂತ ಮೊದಲೇ ನಮ್ಮ ಜಿಲ್ಲೆಯಲ್ಲಿ ದೊಡ್ಡ ಕೆಲಸಗಳು ನಡೆದಿದ್ದವು. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ದೊರೆ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸ 1121ರ ಹೊತ್ತಿಗೆ ನಡೆಯುತ್ತಿತ್ತು. ಬೇಲೂರಿನಲ್ಲಿ ಬಳ್ಳಿಗಾವಿಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಮದನಿಕೆಯರನ್ನು ಕೆತ್ತಿ ಹೆಸರು ಬರೆದರು. ಓಜ ಎಂದರೆ ಉಪಾಧ್ಯಾಯ, ಗುರು. ಕಲ್ಲು ಕೆತ್ತುವವನಿಗೂ ಮೇಷ್ಟ್ರಿಗೂ ಒಂದೇ ಬಿರುದು ಇದ್ದ ಕಾಲ ಅದು. ಆ ಶಿಲ್ಪಿಗಳಲ್ಲಿ ಹಲವರು ಹೆಸರಿನ ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಸೋಲಿಸಿದ ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ. ಮುಂದೆ ಬಂದ ಮಲ್ಲಿತಮ್ಮ ಹೆಚ್ಚಾಗಿ ಬರಿಯ ಹೆಸರನ್ನೇ ಬರೆದ. ಅಣ್ಣ, ತಮ್ಮ, ಅಯ್ಯ ಸೇರಿಸಿ ಮನೆಯಲ್ಲಿ ಕರೆಯುವಂಥ ಹೆಸರು ಅದು.

ಚೌಕದಿಂದ ವೃತ್ತಕ್ಕೆ

ಮಲ್ಲಿತಮ್ಮನ ಹೆಸರು ಮೊದಲು ಕಾಣುವುದು ಇಂದಿನ ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ. ಎರಡನೇ ಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಅಲ್ಲಿ ಗುಡಿ ಕಟ್ಟಿಸಿದ. ಕವಿ ಜನ್ನ ರಚಿಸಿದ ಶಾಸನವೂ ಅಲ್ಲಿದೆ. ಆ ಗುಡಿಯ ಮುಖಮಂಟಪದ ಒಳಮಾಳಿಗೆಗಳ ಕೆತ್ತನೆಯಲ್ಲಿ ಮಲ್ಲಿತಮ್ಮ ಕೈ ಆಡಿಸಿದ.

ಒಳಮಾಳಿಗೆ ಕೆತ್ತುವುದು ಎಂಥ ಕೆಲಸ ಎಂದು ಯೋಚಿಸಿ. ನಾಲ್ಕು ಕಂಬ, ಅವುಗಳ ಮೇಲೆ ನಾಲ್ಕು ತೊಲೆ. ಮೇಲೆ ತಲೆಯೆತ್ತಿದರೆ ಕಾಣುವುದು ಚೌಕ. ಆ ಚೌಕವನ್ನು ಮುಚ್ಚಬೇಕು. ಒಂದೇ ಚಪ್ಪಡಿ ಹಾಸಿಬಿಟ್ಟರೆ ಮುಗಿಯಿತು, ಆದರೆ ಅದರಲ್ಲಿ ಆಳವಿಲ್ಲ. ಹೊಯ್ಸಳ ಶಿಲ್ಪಿಗಳು ಚೌಕದ ನಾಲ್ಕು ಮೂಲೆಗಳಿಗೆ ಅಡ್ಡಲಾಗಿ ತ್ರಿಕೋನದ ಕಲ್ಲುಗಳನ್ನು ಇಟ್ಟರು. ಚೌಕ ಎಂಟು ಮೂಲೆಯಾಯಿತು. ಅದರ ಮೇಲೆ ಸ್ವಲ್ಪ ಒಳಕ್ಕೆ ಚಾಚಿದ ಇನ್ನೊಂದು ಸುತ್ತು, ಅದರ ಮೇಲೆ ಮತ್ತೊಂದು ಸುತ್ತು ಇಟ್ಟು ಕೊನೆಗೆ ವೃತ್ತಕ್ಕೆ ತಂದರು. ನಡುವಿನಿಂದ ಕಮಲದ ಮೊಗ್ಗನ್ನೋ ಬಾಳೆಯ ಹೂವನ್ನೋ ಇಳಿಬಿಟ್ಟರು. ನೋಡುವವನ ಕಣ್ಣು ಚೌಕದಲ್ಲಿ ಹೊರಟು, ತನಗೇ ತಿಳಿಯದಂತೆ ವೃತ್ತಕ್ಕೆ ಬಂದು ಹೂವಿನಲ್ಲಿ ನಿಲ್ಲುತ್ತದೆ.

ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಇದು ಪರಿಚಿತ ಎನ್ನಿಸಬಹುದು. 1656ರಲ್ಲಿ ನಿಧನನಾದ ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯಲ್ಲಿ ಕೆಳಗಿನ ಅಂಗಳ ಚೌಕ, ಮೇಲಿನ ಗುಮ್ಮಟ ದುಂಡು. ಎರಡರ ನಡುವೆ ಒಂದನ್ನೊಂದು ಹಾಯುವ ಕಮಾನುಗಳು ಎರಡು ಚೌಕಗಳನ್ನು ತಿರುಗಿಸಿಟ್ಟ ಎಂಟು ಮೂಲೆಯ ನಕ್ಷತ್ರವನ್ನು ರಚಿಸಿ ಗುಮ್ಮಟವನ್ನು ಹೊತ್ತಿವೆ. ಅಲ್ಲಿ ಕಮಾನು, ಇಲ್ಲಿ ಒಳಚಾಚಿದ ಕಲ್ಲು. ಉಪಾಯ ಬೇರೆ, ಕಾಲ ಬೇರೆ, ರಾಜ್ಯ ಬೇರೆ. ಆದರೆ ಚೌಕವನ್ನು ವೃತ್ತಕ್ಕೆ ತರುವ ಪ್ರಶ್ನೆ ಒಂದೇ. ಅದಕ್ಕೆ ಎರಡೂ ಕಡೆ ಎಂಟು ಮೂಲೆಯೇ ಸೇತುವೆಯಾಯಿತು.

ಅರಸೀಕೆರೆಯ ನಕ್ಷತ್ರ

ಮಲ್ಲಿತಮ್ಮ ಕೆಲಸ ಮಾಡುತ್ತಿದ್ದ ದಿನಗಳಲ್ಲೇ ನಮ್ಮ ಸುತ್ತಮುತ್ತ ಗುಡಿಗಳು ಒಂದರ ಹಿಂದೆ ಒಂದು ಎದ್ದವು. ಅರಸೀಕೆರೆಯ ಈಶ್ವರ ದೇವಾಲಯ, ಅಂದರೆ ನಾವು ಶಿವಾಲಯ ಎನ್ನುವ ಕಟ್ಟಡ, 1220ರ ಸುಮಾರಿನದು. ಇಲ್ಲಿಂದ ಹಾಸನದ ದಾರಿಯಲ್ಲಿರುವ ಹಾರನಹಳ್ಳಿಯ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ಗುಡಿಗಳು 1235ರ ಸುಮಾರಿನವು.

ಅರಸೀಕೆರೆಯ ಶಿವಾಲಯದ ಮುಂದಿನ ತೆರೆದ ಮಂಟಪ 16 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಹೊಯ್ಸಳರ ಕಟ್ಟಡಗಳಲ್ಲಿ ಗರ್ಭಗುಡಿಯ ಗೋಡೆ ನಕ್ಷತ್ರಾಕಾರವಾಗಿರುವುದು ಹಲವು ಕಡೆ ಇದೆ. ಮಂಟಪವೇ ನಕ್ಷತ್ರವಾಗಿರುವುದು ಅಪರೂಪ. ಹಿಂದಿನ ಗರ್ಭಗುಡಿಯ ಹೊರಗೋಡೆಯೂ ನಕ್ಷತ್ರವೇ, ಆದರೆ ಅದರ ಮೂಲೆಗಳು ಒಂದೇ ತೆರನಾಗಿಲ್ಲ, ಮೂರು ಬಗೆಯವು. ವಾಸ್ತುಶಿಲ್ಪದ ವಿದ್ವಾಂಸರು ಇದನ್ನು ಹೊಯ್ಸಳರ ಅತ್ಯಂತ ಜಟಿಲ ರಚನೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಸಂತೆಗೂ ರೈಲಿಗೂ ಓಡಾಡುವ ನಾವು ಅದರ ಪಕ್ಕದಲ್ಲೇ ಎಷ್ಟು ಸಲ ಹಾದುಹೋಗಿದ್ದೇವೋ!

ಈ ನಕ್ಷತ್ರ ಹುಟ್ಟುವ ಬಗೆಯನ್ನು ನೀವೇ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಚೌಕ ಕಾಗದ ಕತ್ತರಿಸಿ. ಒಂದರ ಮೇಲೊಂದಿಟ್ಟು, ನಡುವೆ ಗುಂಡುಸೂಜಿ ಚುಚ್ಚಿ, ಮೇಲಿನದನ್ನು 45 ಡಿಗ್ರಿ ತಿರುಗಿಸಿ. ಎಂಟು ಮೂಲೆಯ ನಕ್ಷತ್ರ ಸಿಗುತ್ತದೆ. ನಾಲ್ಕು ಚೌಕ ತೆಗೆದುಕೊಂಡು ಒಂದೊಂದನ್ನೂ ಹಿಂದಿನದಕ್ಕಿಂತ ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿದರೆ 16 ಮೂಲೆ. ಹೊಸ ಆಕಾರ ಯಾವುದೂ ಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರುವ ಚೌಕವನ್ನೇ ತಿರುಗಿಸಿದರೆ ಸಾಕು.

ಇದರಿಂದ ಶಿಲ್ಪಿಗೆ ಆದ ಲಾಭವೇನು? ನೇರ ಗೋಡೆಗಿಂತ ಮಡಿಸಿದ ಗೋಡೆ ಉದ್ದ. ಅಷ್ಟೇ ಜಾಗದಲ್ಲಿ ಹೆಚ್ಚು ಶಿಲ್ಪಗಳಿಗೆ ಸ್ಥಳ ಸಿಗುತ್ತದೆ. ಎರಡನೆಯದಾಗಿ, ಪ್ರತಿ ಮೂಲೆಯ ಒಂದು ಮುಖ ಬಿಸಿಲಿಗೆ, ಇನ್ನೊಂದು ನೆರಳಿಗೆ ಬೀಳುತ್ತದೆ. ಸೂರ್ಯ ಸರಿದಂತೆ ಬೆಳಕು ಒಂದು ಮುಖದಿಂದ ಇನ್ನೊಂದಕ್ಕೆ ಜಾರುತ್ತದೆ. ಜಗತಿಯ ಮೇಲೆ ಸುತ್ತು ಬರುವವನಿಗೆ ಎಲ್ಲವೂ ಒಂದೇ ಸಲ ಕಾಣದೆ, ಪುಸ್ತಕದ ಹಾಳೆ ತಿರುವಿದಂತೆ ಒಂದೊಂದಾಗಿ ಎದುರಾಗುತ್ತವೆ.

ಒಬ್ಬ ಹುಡುಗನ ವಿಷಯ

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು. ಶಿಕ್ಷಕಿಯಾಗಿ ಸೇರಿದ ಮೊದಲ ವರ್ಷಗಳಲ್ಲಿ ಪಾಠ ಮುಗಿಯದಿದ್ದಾಗಲೆಲ್ಲ ಚಿತ್ರಕಲೆಯ ಪೀರಿಯಡ್ಡನ್ನು ನಾನೇ ತೆಗೆದುಕೊಳ್ಳುತ್ತಿದ್ದೆ. ಚಿತ್ರ ಬರೆಯುವುದು ಕಾಲಹರಣ, ಪರೀಕ್ಷೆಗೆ ಬರುವುದಿಲ್ಲ ಎಂಬುದು ನನ್ನ ಎಣಿಕೆಯಾಗಿತ್ತು.

ಒಮ್ಮೆ ಮಕ್ಕಳನ್ನು ಕರೆದುಕೊಂಡು ಒಂದು ದಿನದ ಪ್ರವಾಸ ಹೊರಟೆವು. ಅರಸೀಕೆರೆಯ ಶಿವಾಲಯ, ಜಾವಗಲ್, ಹಳೇಬೀಡು, ಬೇಲೂರು ನಮ್ಮ ದಾರಿ. ಶಿವಾಲಯದ ಮಂಟಪದ ಮೂಲೆಗಳನ್ನು ಎಣಿಸಲು ಹೇಳಿದೆ. ಎಣಿಸಿದರು. ಇದನ್ನು ನೆಲದ ಮೇಲೆ ಬರೆಯುವುದು ಹೇಗೆ ಎಂದು ಕೇಳಿದೆ. ಗಣಿತದಲ್ಲಿ ಮುಂದಿರುವ ಮಕ್ಕಳೂ ಸುಮ್ಮನಾದರು. ನಿಜ ಹೇಳಬೇಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗ ತನ್ನ ಕರವಸ್ತ್ರ ಬಿಚ್ಚಿ ನೆಲದ ಮೇಲೆ ಹಾಸಿದ. ಗೆಳೆಯರಿಂದ ಇನ್ನೂ ಮೂರು ಇಸಿದುಕೊಂಡು ಒಂದರ ಮೇಲೊಂದು ತಿರುಗಿಸಿ ಹಾಸಿದ. ಎಲ್ಲರೂ ನೋಡುತ್ತಿದ್ದಂತೆ 16 ಮೂಲೆ ಎದ್ದವು. ಯಾರು ಕಲಿಸಿದರು ಎಂದು ಕೇಳಿದಾಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು, ತನ್ನ ಅಬ್ಬಾ ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ ಮಾಡುತ್ತಾರೆಂದೂ, ಹಾಲಿನ ನಡುವೆ ಹೂವಿನ ವಿನ್ಯಾಸ ಕೂರಿಸುವಾಗ ಮೊದಲು ಮೂಲೆಯಿಂದ ಮೂಲೆಗೆ ದಾರ ಹಿಡಿದು ನಡುವನ್ನು ಗುರುತಿಸಿ, ಆಮೇಲೆ ಚೌಕಗಳನ್ನು ತಿರುಗಿಸಿಟ್ಟು ಗೆರೆ ಹಾಕುತ್ತಾರೆಂದೂ ಹೇಳಿದ. ರಜೆಯಲ್ಲಿ ದಾರದ ಇನ್ನೊಂದು ತುದಿ ಹಿಡಿಯುವವನು ಅವನೇ.

ಅವನು ತಲೆ ತಗ್ಗಿಸಿದ್ದೇಕೆ ಎಂದು ನನಗೆ ಆಗ ಹೊಳೆಯಿತು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಅವನು ವ್ಯಾಪಾರ ಎಂದು ಬರೆದದ್ದನ್ನು ನಾನು ನೋಡಿದ್ದೆ. ಕೈಕೆಲಸ ಮಾಡುವವರ ಮಗ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಆ ನಾಚಿಕೆಯನ್ನು ಕಲಿಸಿದವರು ಯಾರು? ಓದದಿದ್ದರೆ ಗಾರೆ ಕೆಲಸಕ್ಕೆ ಹೋಗುತ್ತೀಯ ಎಂದು ತರಗತಿಯಲ್ಲಿ ಬೈಯುವ ನಮ್ಮಂಥವರೇ. ನಾನೂ ಹಾಗೆ ಬೈದಿದ್ದೇನೆ. ದಾರಿಯಲ್ಲಿ ಜಾವಗಲ್ ತಲುಪುವವರೆಗೂ ಅದೇ ನನ್ನ ತಲೆಯಲ್ಲಿತ್ತು.

ಜಾವಗಲ್ಲಿನಿಂದ ಸೋಮನಾಥಪುರಕ್ಕೆ

ಜಾವಗಲ್ ನಮ್ಮದೇ ತಾಲ್ಲೂಕು. ಉರೂಸಿಗೆಂದು ನಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿಬರುತ್ತಾರೆ. ಅದೇ ಊರಿನ ಲಕ್ಷ್ಮೀನರಸಿಂಹ ದೇವಾಲಯ 13ನೇ ಶತಮಾನದ ನಡುಭಾಗದ್ದು. ಮೂರು ಗರ್ಭಗುಡಿಗಳ ತ್ರಿಕೂಟ ಅದು. ಅಲ್ಲಿ ಕೆಲಸ ಮಾಡಿದವರಲ್ಲಿ ಮಲ್ಲಿತಮ್ಮನೂ ಒಬ್ಬ. ಚಿಕ್ಕಮಲ್ಲಿತಮ್ಮ ಎಂಬ ಇನ್ನೊಬ್ಬ ಶಿಲ್ಪಿಯ ಹೆಸರೂ ಅಲ್ಲಿ ಸಿಗುತ್ತದೆ. ದೊಡ್ಡವನ ಹೆಸರಿಗೆ ಚಿಕ್ಕ ಎಂದು ಸೇರಿಸಿ ಕರೆಸಿಕೊಳ್ಳುವ ಇನ್ನೊಬ್ಬ ಅದೇ ಕೆಲಸದಲ್ಲಿದ್ದ ಎಂದರೆ, ಮಲ್ಲಿತಮ್ಮ ಎಂಬ ಹೆಸರಿಗೆ ಆ ಹೊತ್ತಿಗೆ ಎಷ್ಟು ತೂಕ ಬಂದಿತ್ತು ಎಂದು ಊಹಿಸಬಹುದು.

ಅದಕ್ಕೆ ಸ್ವಲ್ಪ ಮೊದಲು, 1246ರಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಸೋಮೇಶ್ವರ ದೊರೆಯ ದಂಡನಾಯಕ ಬೊಮ್ಮಣ್ಣ ಗುಡಿ ಕಟ್ಟಿಸಿದ್ದ. ಅಲ್ಲಿ ಗೋಡೆಯ ಕೆಲಸ ಇಬ್ಬರ ನಡುವೆ ಹಂಚಿಕೆಯಾಯಿತು. ದಕ್ಷಿಣದ ಗೋಡೆ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. ಒಂದೇ ಕಲ್ಲು, ಒಂದೇ ಅಳತೆ, ಒಂದೇ ವಿಷಯ, ಆದರೂ ಎರಡು ಕೈ. ಒಂದೇ ಅಲಿಫನ್ನು ಇಬ್ಬರು ಬರೆದರೆ ಎರಡೂ ಅಲಿಫೇ, ಆದರೆ ಬರೆದವರು ಯಾರೆಂದು ಗುರು ಗುರುತಿಸುತ್ತಾರಲ್ಲವೇ, ಹಾಗೆ.

ಮಲ್ಲಿತಮ್ಮನ ಹೆಸರು ಅತಿ ಹೆಚ್ಚಾಗಿ ಸಿಗುವುದು ಮೈಸೂರು ಜಿಲ್ಲೆಯ ಸೋಮನಾಥಪುರದಲ್ಲಿ. ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಅಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠಾಪಿಸಿದ. ಮೂರು ಗರ್ಭಗುಡಿಗಳು, ಪ್ರತಿಯೊಂದೂ 16 ಮೂಲೆಗಳ ನಕ್ಷತ್ರ. ಹೊರಗೋಡೆಯಲ್ಲಿ 194 ದೊಡ್ಡ ಶಿಲ್ಪಗಳಿವೆ. ಅವುಗಳಲ್ಲಿ 40ರ ಕೆಳಗೆ ಮಲ್ಲಿತಮ್ಮನ ಹೆಸರಿದೆ. ಮಸಣಿತಮ್ಮ, ಚೌಡೆಯ, ನಂಜೆಯ ಮುಂತಾದ ಜೊತೆಗಾರರ ಹೆಸರುಗಳೂ ಇವೆ. 1196ರಲ್ಲಿ ಅವನು ಇಪ್ಪತ್ತರ ಹರೆಯದಲ್ಲಿದ್ದ ಎಂದಿಟ್ಟುಕೊಂಡರೂ ಸೋಮನಾಥಪುರದಲ್ಲಿ ಎಂಬತ್ತು ದಾಟಿರಬೇಕು. ಎರಡನೇ ಬಲ್ಲಾಳ, ಎರಡನೇ ನರಸಿಂಹ, ಸೋಮೇಶ್ವರ, ಮೂರನೇ ನರಸಿಂಹ ಹೀಗೆ ನಾಲ್ವರು ದೊರೆಗಳು ಸಿಂಹಾಸನ ಏರುವಷ್ಟು ಕಾಲ ಅವನ ಉಳಿ ನಿಲ್ಲಲಿಲ್ಲ.

ಆ ಉಳಿಗೆ ಸಿಕ್ಕಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಬೆರಳಿನ ಉಂಗುರ, ಮಣಿಸರದ ಒಂದೊಂದು ಮಣಿ, ಬಳ್ಳಿಯ ಸುರುಳಿ ಇವನ್ನೆಲ್ಲ ಬಿಡಿಸಿ ಕೆತ್ತಲು ಸಾಧ್ಯವಾಯಿತು. ಕಂಬಗಳನ್ನು ತಿರುಗಣೆಗೆ ಕೊಟ್ಟು ಗಂಟೆ, ಬಳೆ, ಚಕ್ರಗಳ ಆಕಾರ ಬರಿಸಲೂ ಸಾಧ್ಯವಾಯಿತು.

ಈಗ ಹಿಂದೆ ಹೇಳಿದ ಪಾಠವನ್ನು ನೆನಪಿಸಿಕೊಳ್ಳಿ. ಸೋಮನಾಥಪುರದ ಗೋಡೆಯ ತಳದಲ್ಲಿ ಆರು ಪಟ್ಟಿಕೆಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ದುಂಡಗಿನ ಭಾರವಾದ ಆಕಾರ. ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ. ಎಲ್ಲಕ್ಕಿಂತ ಮೇಲೆ ಹಂಸಗಳು, ಹಗುರವಾದ ಆಕಾರ. ಭಾರ ಕೆಳಗೆ, ಹಗುರ ಮೇಲೆ. ಹಳೇಬೀಡಿನಲ್ಲೂ ಆನೆಯೇ ಅಡಿಪಾಯ, ಹಂಸವೇ ಕೊನೆ. ಅಲ್ಲಿ ಪಟ್ಟಿಕೆಗಳು ಎಂಟು. ಪಟ್ಟಿಕೆಗಳ ಮೇಲೆ ದೊಡ್ಡ ಶಿಲ್ಪಗಳು. ಮನುಷ್ಯ ದೇಹದ ಬಾಗುಬಳುಕಿನ ಸುತ್ತ ಬಳ್ಳಿಯ ಕಮಾನು, ದೇಹಕ್ಕೂ ಬಳ್ಳಿಗೂ ನಡುವೆ ಆಳವಾಗಿ ಕೊರೆದ ಕಪ್ಪು ನೆರಳು. ಆ ನೆರಳೇ ಖಾಲಿ ಜಾಗ. ಅದು ಇಲ್ಲದಿದ್ದರೆ ಶಿಲ್ಪ ಗೋಡೆಗೆ ಅಂಟಿಕೊಂಡಂತೆ ಕಾಣುತ್ತಿತ್ತು. ಗೋಡೆಯ ನಕ್ಷತ್ರ ಅಳತೆಯ ಆಕಾರ, ಶಿಲ್ಪದ ದೇಹ ಪ್ರಕೃತಿಯ ಆಕಾರ, ನೆರಳು ಖಾಲಿಯ ಆಕಾರ. ಮೂರನ್ನೂ ಒಂದೇ ಗೋಡೆಯಲ್ಲಿ ನೋಡಬಹುದು.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಈ ಮೂರು ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕರ್ನಾಟಕದ ಹಂಪಿ ಮತ್ತು ಪಟ್ಟದಕಲ್ಲುಗಳ ಸಾಲಿಗೆ ನಮ್ಮ ಜಿಲ್ಲೆಯೂ ಸೇರಿತು.

ಹೆಸರು ಬರೆಯುವ ಧೈರ್ಯ

ನಮ್ಮ ದೇಶದಲ್ಲಿ ಕಟ್ಟಿಸಿದವರ ಹೆಸರು ಉಳಿಯುವುದು ಹೆಚ್ಚು, ಕಟ್ಟಿದವರ ಹೆಸರು ಉಳಿಯುವುದು ಕಡಿಮೆ. ಆದರೆ ಹೊಯ್ಸಳರ ನಾಡಿನಲ್ಲಿ ಕೂಲಿಗೆ ದುಡಿದವನೂ ತನ್ನ ಕೆಲಸದ ಕೆಳಗೆ ತನ್ನ ಹೆಸರು ಬರೆದ. ಈ ಕೆಲಸ ನನ್ನದು, ಇದರ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಾನೇ ಹೊಣೆ ಎಂಬುದು ಅದರ ತಾತ್ಪರ್ಯ ಎಂದು ನಾನು ತಿಳಿಯುತ್ತೇನೆ. ಎಂಟು ನೂರು ವರ್ಷಗಳ ನಂತರ ಇಂದು ನಾವು ದಂಡನಾಯಕರ ಹೆಸರನ್ನು ಪುಸ್ತಕ ನೋಡಿ ಹೇಳುತ್ತೇವೆ, ಮಲ್ಲಿತಮ್ಮನ ಹೆಸರನ್ನು ಅವನ ಕೆಲಸ ನೋಡಿ ಹೇಳುತ್ತೇವೆ.

ಪ್ರವಾಸದಿಂದ ಬಂದ ಮೇಲೆ ಮಕ್ಕಳಿಂದ ಚಿತ್ರ ಬರೆಸಿದೆ. ಆ ಹುಡುಗ 16 ಮೂಲೆಯ ನಕ್ಷತ್ರವನ್ನು ಬರೆದು, ಒಂದು ಮುಖ ಬಿಟ್ಟು ಒಂದು ಮುಖಕ್ಕೆ ಪೆನ್ಸಿಲಿನಿಂದ ನೆರಳು ಹಾಕಿದ್ದ. ಕೆಳಗೆ ತನ್ನ ಹೆಸರು, ಅದರ ಕೆಳಗೆ ಅಬ್ಬಾನ ಹೆಸರು, ಮುಂದೆ ಟೈಲ್ಸ್ ಕೆಲಸ ಎಂದು ಉರ್ದುವಿನಲ್ಲಿ ಬರೆದಿದ್ದ. ಮುಂದಿನ ವರ್ಷದ ಅರ್ಜಿಯಲ್ಲಿ ತಂದೆಯ ಉದ್ಯೋಗವನ್ನೂ ಹಾಗೆಯೇ ತುಂಬಿದ. ಅವನ ಅಬ್ಬಾ ಒಂದು ದಿನ ಶಾಲೆಗೆ ಬಂದು, ನಮ್ಮ ಕೋರಿಕೆಯಂತೆ, ಮೈದಾನದಲ್ಲಿ ಗೂಟ ನೆಟ್ಟು ದಾರ ಹಿಡಿದು ಸುಣ್ಣದಲ್ಲಿ ನಕ್ಷತ್ರ ಬರೆದು ತೋರಿಸಿದರು. ರೇಖಾಗಣಿತದ ಪಾಠವನ್ನು ಆ ದಿನ ನಾನೂ ಮಕ್ಕಳ ಜೊತೆ ನಿಂತು ಕಲಿತೆ. ಚಿತ್ರಕಲೆಯ ಪೀರಿಯಡ್ಡನ್ನು ಆ ಮೇಲೆ ನಾನು ಮುಟ್ಟಿಲ್ಲ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ವಿದ್ಯಾವಂತರೆಂದರೆ ಪದವಿ ಪಡೆದವರು ಮಾತ್ರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಕ್ಕಳು ಓದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಡಗಿ, ದರ್ಜಿ, ಗಾರೆಯವರು, ವೆಲ್ಡಿಂಗ್ ಮಾಡುವವರು ದಿನವೂ ಬಳಸುವ ಆಕಾರದ ಜ್ಞಾನವೂ ವಿದ್ಯೆಯೇ. ಪ್ರತಿಭಾ ಪುರಸ್ಕಾರದ ದಿನ ಅಂಥ ಒಬ್ಬರನ್ನು ಕರೆದು ಮಕ್ಕಳ ಮುಂದೆ ಅವರ ಕೆಲಸ ತೋರಿಸುವ ವ್ಯವಸ್ಥೆಯಾದರೆ ಮಕ್ಕಳಿಗೆ ತಮ್ಮ ಮನೆಯವರ ಬಗ್ಗೆ ಅಭಿಮಾನ ಬೆಳೆಯುತ್ತದೆ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಾಲ್ಕು ಚೌಕ ಕಾಗದ, ಒಂದು ಗುಂಡುಸೂಜಿ, ಒಂದು ಪೆನ್ಸಿಲ್ ತೆಗೆದುಕೊಂಡು ನಮ್ಮ ಊರಿನ ಶಿವಾಲಯದ ಮಂಟಪದ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಬೆಳಗ್ಗೆ ಒಮ್ಮೆ ನೋಡಿ, ಸಂಜೆ ಒಮ್ಮೆ ನೋಡಿ, ಎರಡು ಚಿತ್ರ ಬರೆಯಿರಿ. ಸೋಮನಾಥಪುರಕ್ಕೆ ಹೋಗುವ ಅವಕಾಶ ಸಿಕ್ಕರೆ ಶಿಲ್ಪಗಳ ಪಾದದ ಕೆಳಗೆ ಬಗ್ಗಿ ನೋಡಿ, ಅಲ್ಲಿನ ಹಳಗನ್ನಡ ಅಕ್ಷರಗಳಲ್ಲಿ ಮಲ್ಲಿತಮ್ಮನ ಹೆಸರನ್ನು ಹುಡುಕಿ. ನೀವು ಬರೆದ ಚಿತ್ರದ ಕೆಳಗೆ ನಿಮ್ಮ ಹೆಸರನ್ನೂ, ನಿಮಗೆ ಕಲಿಸಿದವರ ಹೆಸರನ್ನೂ ಬರೆಯಲು ಮರೆಯಬೇಡಿ.